ಹಾಲು ಹಾಕುತ್ತಿದ್ದ ಕೋಚ್, ನಮ್ಮ 1600 ಮೀಟರ್

ರೋಮ್ ಒಲಿಂಪಿಕ್ಸ್, 1960ರ ಸೆಪ್ಟೆಂಬರ್ 2. 800 ಮೀಟರ್ ಫೈನಲ್ ಬೆಲ್ಜಿಯಂನ ರೋಜರ್ ಮೂನ್ಸ್‌ನದೇ ಎಂದು ಎಲ್ಲರೂ ಎಣಿಸಿದ್ದರು. ಆ ದೂರದ ವಿಶ್ವದಾಖಲೆ ಅವನ ಹೆಸರಲ್ಲೇ ಇತ್ತು. ಗೆರೆ ಹತ್ತಿರವಾಗುವಾಗ ಮೂನ್ಸ್ ಹೊರಗಡೆ ಕತ್ತು ತಿರುಗಿಸಿ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಬಂದವನು ಒಳಗಡೆಯಿಂದ ಬಂದ. ಕಪ್ಪು ಬನಿಯನ್ನಿನ, ದಪ್ಪ ತೊಡೆಗಳ, 21 ವರ್ಷದ ಪೀಟರ್ ಸ್ನೆಲ್. ನ್ಯೂಜಿಲೆಂಡಿನ ಆಚೆ ಅವನ ಹೆಸರು ಕೇಳಿದವರು ಕಡಿಮೆ. 1 ನಿಮಿಷ 46.3 ಸೆಕೆಂಡಿನಲ್ಲಿ ಚಿನ್ನ ಗೆದ್ದ.

ಸ್ವಲ್ಪ ಹೊತ್ತಿಗೆ ಅದೇ ಟ್ರ್ಯಾಕಿನಲ್ಲಿ 5000 ಮೀಟರ್. ಇನ್ನೂ ಮೂರು ಸುತ್ತು ಇರುವಾಗಲೇ, ಯಾರೂ ವೇಗ ಏರಿಸದ ಹೊತ್ತಿನಲ್ಲಿ, ಮರ್ರೆ ಹಾಲ್‌ಬರ್ಗ್ ಎಂಬ ಇನ್ನೊಬ್ಬ ನ್ಯೂಜಿಲೆಂಡಿನವನು ಗುಂಪು ಬಿಟ್ಟು ಹಾರಿದ. ಹದಿಹರೆಯದಲ್ಲಿ ರಗ್ಬಿ ಆಡುವಾಗ ಪೆಟ್ಟಾಗಿ ಅವನ ಎಡಗೈ ಬತ್ತಿಹೋಗಿತ್ತು. ಆ ಕೈಯನ್ನು ಎದೆಗೆ ಒತ್ತಿಕೊಂಡೇ ಓಡುತ್ತಿದ್ದ. ಕೊನೆಯ ಸುತ್ತಿನಲ್ಲಿ ಮುಖ ಕಿವುಚಿಕೊಂಡು, ಉಳಿದಿದ್ದ ಅಂತರವನ್ನೇ ನಂಬಿಕೊಂಡು ಓಡಿ ಗೆದ್ದ. ಗೆರೆ ದಾಟಿದವನೇ ಹುಲ್ಲಿನ ಮೇಲೆ ಬಿದ್ದ, ಟೇಪು ಕೈಯಲ್ಲೇ ಇತ್ತು. ಎಂಟು ದಿನ ಕಳೆದು, ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ರಾತ್ರಿ, ಬ್ಯಾರಿ ಮ್ಯಾಗಿ ಎಂಬ ಮೂರನೆಯ ನ್ಯೂಜಿಲೆಂಡಿನವನಿಗೆ ಕಂಚು ಬಂತು.

ಆಗ ಆ ದೇಶದ ಜನಸಂಖ್ಯೆ 25 ಲಕ್ಷವೂ ಇರಲಿಲ್ಲ. ಮೂವರೂ ತಯಾರಾದದ್ದು ಆಕ್ಲೆಂಡ್ ನಗರದ ಒಂದೇ ಮೂಲೆಯ ಡಾಂಬರು ರಸ್ತೆಗಳಲ್ಲಿ, ಒಬ್ಬನೇ ಮನುಷ್ಯನ ಕೈಯಲ್ಲಿ. ಆತ ದೈಹಿಕ ಶಿಕ್ಷಣದ ಪದವೀಧರರಲ್ಲ, ಸರಕಾರಿ ಕೋಚ್ ಅಲ್ಲ, ರೋಮ್‌ಗೆ ಹೋದ ತಂಡದ ಅಧಿಕೃತ ತರಬೇತುದಾರರೂ ಅಲ್ಲ. ಬೂಟಿನ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ಸಂಸಾರಕ್ಕೆ ಸಾಲದೆಂದು ಬೆಳಗಿನ ಜಾವ ಮನೆಮನೆಗೆ ಹಾಲು ಹಾಕುತ್ತಿದ್ದವರು. ಹೆಸರು ಆರ್ಥರ್ ಲಿಡಿಯಾರ್ಡ್.

ನಾನು ಧಾರವಾಡದಲ್ಲಿ ಕೂತು ಈ ಮನುಷ್ಯನ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಅದಕ್ಕೆ ಬರುತ್ತೇನೆ. ಮೊದಲು ಅವರು ಕಂಡುಕೊಂಡದ್ದು ಏನು ಎನ್ನುವುದನ್ನು ಹೇಳಬೇಕು.

1917ರಲ್ಲಿ ಹುಟ್ಟಿದ ಲಿಡಿಯಾರ್ಡ್ ರಗ್ಬಿ ಆಡುತ್ತಿದ್ದರು, ತಕ್ಕಮಟ್ಟಿಗೆ ಓಡುತ್ತಿದ್ದರು, ತಾನು ಗಟ್ಟಿಮುಟ್ಟಾಗಿದ್ದೇನೆ ಅಂದುಕೊಂಡಿದ್ದರು. ಒಂದು ದಿನ ಅವರ ಕ್ಲಬ್ಬಿನ ಹಿರಿಯ ಜಾಕ್ ಡೋಲನ್ ಅವರನ್ನು ಐದು ಮೈಲಿ ಓಟಕ್ಕೆ ಕರೆದುಕೊಂಡು ಹೋದರು. ತನಗಿಂತ ಎಷ್ಟೋ ದೊಡ್ಡ ವಯಸ್ಸಿನ ಮನುಷ್ಯ ಆರಾಮಾಗಿ ಓಡುತ್ತಿದ್ದರೆ ಲಿಡಿಯಾರ್ಡ್ ಏದುಸಿರು ಬಿಡುತ್ತಿದ್ದರು. ಇಪ್ಪತ್ತೇಳಕ್ಕೇ ಹೀಗಾದರೆ ನಲವತ್ತೇಳಕ್ಕೆ ಗತಿಯೇನು ಎಂಬ ದಿಗಿಲು ಹುಟ್ಟಿತು. ಅಲ್ಲಿಂದ ಸುಮಾರು ಹತ್ತು ವರ್ಷ ತಮ್ಮ ದೇಹದ ಮೇಲೆಯೇ ಪ್ರಯೋಗ ನಡೆಸಿದರು. ಕೆಲವು ವಾರ ಹತ್ತಾರು ಮೈಲಿ, ಕೆಲವು ವಾರ 250 ಮೈಲಿಯವರೆಗೂ ಓಡಿದರು. ಕಡಿಮೆಯಾದರೆ ಏನಾಗುತ್ತದೆ, ಅತಿಯಾದರೆ ಏನಾಗುತ್ತದೆ, ವೇಗ ಏರಿಸಿದ ಮರುದಿನ ಕಾಲು ಏನು ಹೇಳುತ್ತದೆ ಎಂದು ಗಮನಿಸುತ್ತ ಹೋದರು. ಪ್ರಯೋಗಶಾಲೆ, ಟ್ರೆಡ್‌ಮಿಲ್, ರಕ್ತಪರೀಕ್ಷೆ ಯಾವುದೂ ಇರಲಿಲ್ಲ. 1950ರಲ್ಲಿ ಆಕ್ಲೆಂಡಿನಲ್ಲೇ ನಡೆದ ಎಂಪೈರ್ ಗೇಮ್ಸ್‌ನಲ್ಲಿ (ಇಂದಿನ ಕಾಮನ್‌ವೆಲ್ತ್ ಕ್ರೀಡಾಕೂಟ) ದೇಶದ ಪರ ಮ್ಯಾರಥಾನ್ ಓಡಿದರು, 1953 ಮತ್ತು 1955ರಲ್ಲಿ ರಾಷ್ಟ್ರೀಯ ಮ್ಯಾರಥಾನ್ ಗೆದ್ದರು. ಆದರೆ ಅವರ ದೊಡ್ಡ ಲಾಭ ಬೇರೆ ಇತ್ತು. ವಾರಕ್ಕೆ ನೂರು ಮೈಲಿ, ಅಂದರೆ 160 ಕಿಲೋಮೀಟರ್, ಉಸಿರು ಕಟ್ಟದ ವೇಗದಲ್ಲಿ ಓಡಿಕೊಂಡಿದ್ದರೆ ಮ್ಯಾರಥಾನ್ ಮಾತ್ರವಲ್ಲ, ಟ್ರ್ಯಾಕಿನ ಚಿಕ್ಕ ದೂರಗಳ ಸಮಯವೂ ಇಳಿಯುತ್ತದೆ ಎಂಬುದು ಅವರಿಗೆ ತಿಳಿಯಿತು. ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಲಾರಿ ಕಿಂಗ್ ಎಂಬ ಹುಡುಗ ಮೊದಲ ಶಿಷ್ಯನಾದ. ಆಮೇಲೆ ಸುತ್ತಲಿನ ಹುಡುಗರು ಒಬ್ಬೊಬ್ಬರಾಗಿ ಬಂದರು.

ಆ ಕಾಲದಲ್ಲಿ ಇದು ಎಷ್ಟು ಉಲ್ಟಾ ಮಾತಾಗಿತ್ತು ಎಂದು ಈಗ ಅಂದಾಜು ಮಾಡುವುದು ಕಷ್ಟ. ಜರ್ಮನಿಯ ವೋಲ್ಡೆಮಾರ್ ಗೆರ್ಶ್ಲರ್ ಇಂಟರ್‌ವಲ್ ತರಬೇತಿಯನ್ನು, ಅಂದರೆ ಚಿಕ್ಕ ದೂರವನ್ನು ಬಿರುಸಾಗಿ ಓಡಿ, ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಮತ್ತೆ ಓಡುವುದನ್ನು, ಶಾಸ್ತ್ರವಾಗಿಸಿದ್ದರು. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1:46.6ರಲ್ಲಿ ಓಡಿ ಜಗತ್ತನ್ನು ಬೆಚ್ಚಿಬೀಳಿಸಿದ್ದ. ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ದಿನಕ್ಕೆ ಹತ್ತಾರು ಸಲ 400 ಮೀಟರ್ ಓಡಿ ಓಡಿ, 1952ರ ಹೆಲ್ಸಿಂಕಿಯಲ್ಲಿ 5000, 10000, ಮ್ಯಾರಥಾನ್ ಮೂರನ್ನೂ ಗೆದ್ದಿದ್ದ. ಹಾಗಾಗಿ ಎಲ್ಲೆಲ್ಲೂ ಸ್ಟಾಪ್‌ವಾಚ್, 400 ಮೀಟರಿನ ಸುತ್ತು, ಮತ್ತೆ ಸ್ಟಾಪ್‌ವಾಚ್. ಅಂಥ ಹೊತ್ತಿನಲ್ಲಿ ಎರಡು ನಿಮಿಷವೂ ಹಿಡಿಯದ 800 ಮೀಟರ್ ಓಟಗಾರನನ್ನು ಪ್ರತಿ ಭಾನುವಾರ 35 ಕಿಲೋಮೀಟರ್ ಬೆಟ್ಟ ಹತ್ತಿಸುವ ಹಾಲಿನವನನ್ನು ಯಾರು ನಂಬುತ್ತಾರೆ?

ಆ 35 ಕಿಲೋಮೀಟರಿನ ದಾರಿಯ ಹೆಸರು ವೈಯಾಟಾರುವಾ ಸರ್ಕೀಟ್. ಲಿಡಿಯಾರ್ಡ್ ಅವರ ಮನೆ ಇದ್ದ ಒವೈರಾಕದಿಂದ ಹೊರಟು, ಟಿಟಿರಂಗಿಯ ಏರು ಹತ್ತಿ, ವೈಟಾಕೆರೆ ಬೆಟ್ಟಸಾಲಿನ ಮೇಲಿನ ರಸ್ತೆಯಲ್ಲಿ ಮೈಲಿಗಟ್ಟಲೆ ಏರಿಳಿದು, ಇಳಿಜಾರಿನಲ್ಲಿ ತೊಡೆ ಅದುರಿಸಿಕೊಂಡು ನಗರಕ್ಕೆ ವಾಪಸು ಬರುವ ದಾರಿ. 800 ಮೀಟರಿನವನು, 5000ದವನು, ಮ್ಯಾರಥಾನಿನವನು ಎಲ್ಲರೂ ಒಟ್ಟಿಗೆ ಹೊರಡುತ್ತಿದ್ದರು. ಮುಂದೆ ಲಿಡಿಯಾರ್ಡ್ ತಾವೇ ಇರುತ್ತಿದ್ದರು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲೇ. ಶಿಷ್ಯರಿಗೆ ಹೇಳಿದ ಒಂದೊಂದು ಮೈಲಿಯನ್ನೂ ಅವರು ಮೊದಲು ತಮ್ಮ ಕಾಲಿನಿಂದ ಅಳೆದಿದ್ದರು.

ಬರೀ ದೂರ ಓಡಿಸುವುದೇ ಅವರ ಪದ್ಧತಿ ಎಂದು ತಿಳಿದವರು ಬಹಳ. ಅದು ಅರ್ಧ ಮಾತ್ರ. ವರ್ಷವನ್ನು ಅವರು ಹಂತ ಹಂತವಾಗಿ ಕಟ್ಟುತ್ತಿದ್ದರು. ಮೊದಲು ಎರಡು ಮೂರು ತಿಂಗಳು ದೂರದ ಓಟ. ಆಮೇಲೆ ಕೆಲವು ವಾರ ಗುಡ್ಡದ ಏರಿನಲ್ಲಿ ಮೊಣಕಾಲೆತ್ತಿ ಜಿಗಿಜಿಗಿದು ಹತ್ತುವ ಕೆಲಸ. ಕಾಲಿನ ಬಲಕ್ಕೆ ಜಿಮ್ಮಿನ ಬದಲು ಇದು. ಅದಾದ ಮೇಲಷ್ಟೇ ಟ್ರ್ಯಾಕಿಗೆ ಇಳಿದು ಇಂಟರ್‌ವಲ್, ಸ್ಪ್ರಿಂಟ್, ಚಿಕ್ಕಪುಟ್ಟ ರೇಸ್‌ಗಳು. ಕೊನೆಯಲ್ಲಿ ಓಟ ತಗ್ಗಿಸಿ ದೇಹವನ್ನು ಹಸನಾಗಿಟ್ಟು, ದೊಡ್ಡ ರೇಸಿನ ದಿನಕ್ಕೆ ಸರಿಯಾಗಿ ತುತ್ತತುದಿಗೆ ತಂದು ನಿಲ್ಲಿಸುವುದು. ಯಾವ ತಿಂಗಳಲ್ಲಿ ಓಟಗಾರ ತುದಿ ಮುಟ್ಟಬೇಕು ಎಂದು ಹಿಂದಕ್ಕೆ ಎಣಿಸಿ ಶುರುಮಾಡುತ್ತಿದ್ದರು. ಆಗಸ್ಟಿನಲ್ಲಿ ಸೋಲುತ್ತಿದ್ದವನು ಸೆಪ್ಟೆಂಬರಿನಲ್ಲಿ ಗೆಲ್ಲುವುದು ಅವರಿಗೆ ಲೆಕ್ಕಾಚಾರವಾಗಿತ್ತು, ನೋಡುವವರಿಗೆ ಪವಾಡದ ಹಾಗೆ ಕಾಣುತ್ತಿತ್ತು.

ಇದು ಸರಿ ಎನ್ನುವುದಕ್ಕೆ ರೋಮ್ ಸಾಲದೆಂದರೆ 1962 ನೋಡಬೇಕು. ಸ್ನೆಲ್ 1961ರ ಡಿಸೆಂಬರಿನಲ್ಲಿ ಪೂರ್ತಿ ಮ್ಯಾರಥಾನ್ ಓಡಿದ. 800 ಮೀಟರಿನ ಒಲಿಂಪಿಕ್ ಚಾಂಪಿಯನ್ ಮ್ಯಾರಥಾನ್ ಓಡುವುದನ್ನು ಇವತ್ತಿನ ಕೋಚ್‌ಗಳೂ ಒಪ್ಪಲಿಕ್ಕಿಲ್ಲ. ಮುಂದಿನ ತಿಂಗಳು, ಜನವರಿ 27ರಂದು, ವಾಂಗನುಯಿ ಊರಿನ ಹುಲ್ಲಿನ ಟ್ರ್ಯಾಕಿನಲ್ಲಿ ಒಂದು ಮೈಲಿಯನ್ನು 3:54.4ರಲ್ಲಿ ಓಡಿ ವಿಶ್ವದಾಖಲೆ ಮುರಿದ. ಒಂದು ವಾರದ ಬಳಿಕ ಕ್ರೈಸ್ಟ್‌ಚರ್ಚ್‌ನಲ್ಲಿ, ಮತ್ತೆ ಹುಲ್ಲಿನ ಮೇಲೆಯೇ, 800 ಮೀಟರ್ 1:44.3. ಆ ಸಮಯ 60 ವರ್ಷಕ್ಕೂ ಹೆಚ್ಚು ಕಾಲ ನ್ಯೂಜಿಲೆಂಡಿನ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ನಡುವೆ ಸಿಂಥೆಟಿಕ್ ಟ್ರ್ಯಾಕ್ ಬಂತು, ಹೊಸ ಬೂಟು ಬಂತು, ವಿಜ್ಞಾನ ಬಂತು. ಆದರೂ ಉಳಿಯಿತು. 1964ರ ಟೋಕಿಯೊದಲ್ಲಿ ಸ್ನೆಲ್ 800 ಮತ್ತು 1500 ಎರಡನ್ನೂ ಗೆದ್ದ.

ಒಳಗೆ ನಡೆಯುವುದೇನು? ಮುಂದೆ ಸ್ನೆಲ್ ಅಮೆರಿಕಕ್ಕೆ ಹೋಗಿ ವ್ಯಾಯಾಮ ಶರೀರಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡಿ, ಡಲ್ಲಾಸ್‌ನಲ್ಲಿ ಸಂಶೋಧಕನಾಗಿ ಇದೇ ಪ್ರಶ್ನೆಯ ಹಿಂದೆ ಬಿದ್ದ. ದೀರ್ಘ ಓಟದಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುವಿನ ಒಳಗೆ ಕೂದಲಿಗಿಂತ ತೆಳ್ಳನೆಯ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚಾಗುತ್ತವೆ. ಒಂದೂವರೆ ಎರಡು ಗಂಟೆ ಓಡಿದ ಮೇಲೆ ನಿಧಾನದ ಸ್ನಾಯುತಂತುಗಳಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಬರಿದಾಗುತ್ತದೆ, ಆಗ ವೇಗದ ತಂತುಗಳೂ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಸ್ಪ್ರಿಂಟಿಗೆಂದು ಇದ್ದ ತಂತುಗಳಿಗೆ ಹೀಗೆ ತಾಳಿಕೆಯ ಪಾಠ ಸಿಗುತ್ತದೆ. 800 ಮೀಟರ್ ಓಟದಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರುವುದು ಆಮ್ಲಜನಕದಿಂದ. ಮೈಲಿಯಲ್ಲಂತೂ ಮುಕ್ಕಾಲಿಗಿಂತ ಹೆಚ್ಚು. ಹಾಲು ಹಾಕುತ್ತಿದ್ದ ಮನುಷ್ಯ ಇದನ್ನೆಲ್ಲ ಓದಿರಲಿಲ್ಲ. ಕಾಲು ಹೇಳಿದ್ದನ್ನು ಕೇಳಿಸಿಕೊಂಡಿದ್ದರು.

ಈಗ ಧಾರವಾಡಕ್ಕೆ ಬರುತ್ತೇನೆ.

ನಮ್ಮೂರಿಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಮಕ್ಕಳಿಗೆ ಲೆಕ್ಕವಿಲ್ಲ. ಹಾವೇರಿ, ಗದಗ, ಕೊಪ್ಪಳ, ರಾಯಚೂರು, ವಿಜಯಪುರದ ಹಳ್ಳಿಗಳಿಂದ ಬಂದು, ಒಂದು ರೂಮಿನಲ್ಲಿ ನಾಲ್ಕೈದು ಜನ ಇದ್ದು, ಲೈಬ್ರರಿಯಲ್ಲಿ ಕೂತು ಓದುತ್ತಾರೆ. ಅವರಲ್ಲಿ ಬಹಳ ಮಂದಿಯ ಕಣ್ಣು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಮೇಲೆ. ಲಿಖಿತ ಪರೀಕ್ಷೆ ಹೇಗೋ ಆಗುತ್ತದೆ. ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಸೇನೆಯ ಅಗ್ನಿವೀರ್ ರ್‍ಯಾಲಿಯಲ್ಲೂ ಅದೇ 1.6 ಕಿಲೋಮೀಟರ್, ಪೂರ್ತಿ ಅಂಕಕ್ಕೆ ಐದೂವರೆ ನಿಮಿಷ. 1600 ಮೀಟರ್ ಎಂದರೆ ಒಂದು ಮೈಲಿಗೆ ಒಂಬತ್ತೇ ಮೀಟರ್ ಕಡಿಮೆ. ಸ್ನೆಲ್ ವಾಂಗನುಯಿಯ ಹುಲ್ಲಿನಲ್ಲಿ ಓಡಿದ ದೂರವೇ, ನಮ್ಮ ಹುಡುಗರ ಹೊಟ್ಟೆಪಾಡಿನ ದೂರ.

ಬೆಳಗಿನ ಐದೂವರೆಗೆ ಕೆಲಗೇರಿ ಕೆರೆಯ ಕಡೆ ಹೋದರೆ ಇವರು ಸಿಗುತ್ತಾರೆ. ಮೊನ್ನೆ ಒಬ್ಬ ಹುಡುಗ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಮೊಣಕಾಲಿನ ಕೆಳಗೆ ಎಲುಬಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಿದ್ದ. ಬೂಟಿನ ಹಿಮ್ಮಡಿ ಒಂದು ಕಡೆ ಪೂರ್ತಿ ಸವೆದಿತ್ತು. ಮಾತಾಡಿಸಿದೆ.

“ಎಷ್ಟ್ ದಿನ ಆತೋ ತಮ್ಮಾ ಓಡಾಕ ಚಾಲೂ ಮಾಡಿ?”

“ನೋಟಿಫಿಕೇಶನ್ ಬಂದ ಮ್ಯಾಲೆ ಚಾಲೂ ಮಾಡೇನ್ರಿ ಸರ. ದಿನಾ ಸಾವಿರದ ಆರನೂರು ಫುಲ್ ಹೊಡಿತೀನ್ರಿ.”

“ಟೈಮ್ ಹೆಂಗೈತಿ?”

“ಮೊದಲ ಏಳು ಹತ್ತು ಇತ್ರಿ. ಆರು ಐವತ್ತಕ್ಕ ಬಂತು. ಅಲ್ಲಿಂದ ಇಳೀವಲ್ದ್ರಿ. ಈಗ ಎಲುಬು ನೋಯಾಕ ಹತ್ತೈತಿ.”

ದಿನವೂ ಪರೀಕ್ಷೆಯ ದೂರ, ದಿನವೂ ಪೂರ್ತಿ ವೇಗ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಮೊದಲ ಎರಡು ಮೂರು ವಾರ ಸಮಯ ಇಳಿಯುತ್ತದೆ, ಹುಡುಗ ಹಿಗ್ಗುತ್ತಾನೆ. ಆಮೇಲೆ ನಿಂತುಬಿಡುತ್ತದೆ. ಇನ್ನೂ ಜೋರಾಗಿ ಓಡುತ್ತಾನೆ. ಸ್ನಾಯು ವಾರಗಳಲ್ಲಿ ಗಟ್ಟಿಯಾಗುತ್ತದೆ, ಎಲುಬಿಗೂ ಸ್ನಾಯುರಜ್ಜುವಿಗೂ ತಿಂಗಳುಗಳು ಬೇಕು. ಡಾಂಬರಿನ ಮೇಲೆ, ಸವೆದ ಬೂಟಿನಲ್ಲಿ, ಬಿಡುವಿಲ್ಲದೆ ಬಡಿದರೆ ಮೊದಲು ನೋವು, ಅದಕ್ಕೂ ನಿಲ್ಲದಿದ್ದರೆ ಎಲುಬಿನಲ್ಲಿ ಸೀಳು. ಮೇ ತಿಂಗಳಲ್ಲಿ ರಂಟೆ ಹೊಡೆಯದೆ, ಹರಗದೆ, ಮಳೆ ಬಿದ್ದ ದಿನ ಓಡಿಹೋಗಿ ಬೀಜ ಚೆಲ್ಲಿದ ಹಾಗೆ ಇದು. ಈ ಹುಡುಗರ ಮನೆಯಲ್ಲಿ ಯಾರೂ ಹೊಲವನ್ನು ಹಾಗೆ ಬಿತ್ತುವುದಿಲ್ಲ.

ಆ ಹುಡುಗನದು ತಪ್ಪೆಂದು ನಾನು ಹೇಳಲಾರೆ. ಅವನಿಗೆ ಯಾರೂ ಹೇಳಿಲ್ಲ. ನೋಟಿಫಿಕೇಶನ್ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದ ಮೇಲೆ ದೈಹಿಕ ಪರೀಕ್ಷೆ ಯಾವಾಗಲೋ ಅದೂ ಗೊತ್ತಿಲ್ಲ. ವಯಸ್ಸು ಮೀರುತ್ತಿದೆ, ರೂಮಿನ ಬಾಡಿಗೆ ಏರುತ್ತಿದೆ, ಮನೆಯಿಂದ ಫೋನು ಬರುತ್ತಿದೆ. ಅವಸರ ಅವನ ಸ್ವಭಾವದಲ್ಲಿ ಹುಟ್ಟಿದ್ದಲ್ಲ. ಅವನ ಮೇಲೆ ಹೇರಿದ್ದು.

ಇದೇ ಅವಸರ ನಮ್ಮ ಶಾಲಾ ಕ್ರೀಡೆಯಲ್ಲೂ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಕೆಲವೇ ತಿಂಗಳಲ್ಲಿ ಮಕ್ಕಳನ್ನು ಓಡಿಸಿ ಮುಗಿಸುತ್ತೇವೆ. ಹದಿಮೂರರ ಹುಡುಗಿ 800 ಮೀಟರಿನಲ್ಲಿ ಗೆದ್ದರೆ ಮರುದಿನದಿಂದ ಅವಳಿಗೆ ದಿನವೂ ಟ್ರ್ಯಾಕಿನಲ್ಲಿ ಬಿರುಸಿನ ಓಟ. ಎರಡು ವರ್ಷ ಪದಕ, ಮೂರನೆಯ ವರ್ಷ ಗಾಯ, ನಾಲ್ಕನೆಯ ವರ್ಷ ಅವಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಇಂಥ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಸಿಟ್ಟು ಬರುತ್ತದೆ. ಹಾಲ್‌ಬರ್ಗ್ ಲಿಡಿಯಾರ್ಡ್ ಕೈಗೆ ಬಂದದ್ದು 1950ರ ದಶಕದ ಮೊದಲ ಅರ್ಧದಲ್ಲಿ. 1954ರಲ್ಲಿ ವ್ಯಾಂಕೂವರ್‌ನ ಪ್ರಸಿದ್ಧ ಮೈಲಿ ಓಟದಲ್ಲಿ, ಆಗಲೇ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ್ದ ಬ್ಯಾನಿಸ್ಟರ್ ಮತ್ತು ಲ್ಯಾಂಡಿಯ ಹಿಂದೆ, ಅವನಿಗೆ ಐದನೆಯ ಸ್ಥಾನ. ಚಿನ್ನ ಸಿಕ್ಕಿದ್ದು 1960ರಲ್ಲಿ. ಆ ನಡುವಿನ ವರ್ಷಗಳನ್ನು ಕೊಡುವ ತಾಳ್ಮೆ ಅವನ ಕೋಚ್‌ಗೆ ಇತ್ತು.

ನಮ್ಮ ನೆಲಕ್ಕೆ ತಾಳಿಕೆಯ ಓಟ ಹೊಸದೇನಲ್ಲ. ಸ್ನೆಲ್‌ಗಿಂತ ಮೊದಲು 800 ಮತ್ತು 1500 ಎರಡನ್ನೂ ಒಂದೇ ಒಲಿಂಪಿಕ್ಸ್‌ನಲ್ಲಿ ಗೆದ್ದವನು ಬ್ರಿಟನ್ನಿನ ಆಲ್ಬರ್ಟ್ ಹಿಲ್. ಅದು 1920ರ ಆಂಟ್‌ವರ್ಪ್. ಅದೇ ಕೂಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ದೂರದೂರ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾಗಿ, ಒಲಿಂಪಿಕ್ಸ್‌ಗೆ ಕಳಿಸಲು ಮುಂದಾದದ್ದರಿಂದ ಹುಟ್ಟಿದ ತಂಡ ಅದು. ಆಂಟ್‌ವರ್ಪ್‌ನ ಮ್ಯಾರಥಾನ್ 42.75 ಕಿಲೋಮೀಟರ್ ಇತ್ತು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಫಿನ್‌ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಗೆದ್ದ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕೊಲೆಹ್ಮೈನೆನ್‌ಗಿಂತ ಸುಮಾರು 18 ನಿಮಿಷ ಹಿಂದೆ. ಕ್ರೀಡಾ ವಿಜ್ಞಾನ, ಹಾಸ್ಟೆಲ್, ವಿದೇಶಿ ಕೋಚ್ ಯಾವುದೂ ಇಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸರಿಯಾದ ಎರಡು ಮೂರು ವರ್ಷದ ತಯಾರಿ ಅವರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೆಳಗಾವಿಯ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು?

ಲಿಡಿಯಾರ್ಡ್ ಚಾಂಪಿಯನ್‌ಗಳಿಗೆ ಹೇಳಿದ್ದನ್ನೇ ಸಾಮಾನ್ಯರಿಗೂ ಹೇಳಿದರು ಎನ್ನುವುದು ನನಗೆ ಪದಕಗಳಷ್ಟೇ ಮುಖ್ಯ. ಹೃದಯದ ತೊಂದರೆ ಇದ್ದವರು ಹಾಸಿಗೆ ಬಿಟ್ಟು ಏಳಬಾರದು ಎಂದು ವೈದ್ಯರು ಹೇಳುತ್ತಿದ್ದ ಕಾಲದಲ್ಲಿ, ನಡುವಯಸ್ಸು ದಾಟಿದವರನ್ನು ಮೆಲ್ಲಗೆ ಓಡಿಸಬಹುದು ಎಂದರು. 1962ರಲ್ಲಿ ಆಕ್ಲೆಂಡಿನ ಕಾರ್ನ್‌ವಾಲ್ ಪಾರ್ಕಿನಲ್ಲಿ ಜಾಗಿಂಗ್ ಕ್ಲಬ್ ಶುರುವಾಯಿತು. ಅಮೆರಿಕದ ಒರೆಗಾನ್‌ನ ಕೋಚ್ ಬಿಲ್ ಬೋವರ್‌ಮನ್ ಆ ಸುಮಾರಿಗೆ ನ್ಯೂಜಿಲೆಂಡಿಗೆ ಬಂದು ಆ ಕ್ಲಬ್ಬಿನವರ ಜೊತೆ ಓಡಲು ಹೋದಾಗ, ಎಪ್ಪತ್ತು ದಾಟಿದ ಹೃದ್ರೋಗಿಯೊಬ್ಬರು ಅವರಿಗಾಗಿ ಹಿಂದೆ ನಿಂತು ಜೊತೆ ಕೊಡಬೇಕಾಯಿತು. ಬೋವರ್‌ಮನ್ ಊರಿಗೆ ಮರಳಿ ಜಾಗಿಂಗನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದರು. ಮುಂದೆ ನೈಕಿ ಎಂದಾದ ಬೂಟಿನ ಕಂಪನಿಯನ್ನು ಕಟ್ಟಿದ ಇಬ್ಬರಲ್ಲಿ ಅವರೂ ಒಬ್ಬರು. ಇವತ್ತು ಕಬ್ಬನ್ ಪಾರ್ಕಿನಲ್ಲೋ ನಮ್ಮ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲೋ ಬೆಳಿಗ್ಗೆ ಮೆಲ್ಲಗೆ ಓಡುವವರ ಹಿಂದೆ ಆ ಕಾರ್ನ್‌ವಾಲ್ ಪಾರ್ಕಿನ ಮುದುಕರಿದ್ದಾರೆ. ಲಿಡಿಯಾರ್ಡ್ 1960ರ ದಶಕದ ಕೊನೆಗೆ ಫಿನ್‌ಲೆಂಡಿಗೆ ಹೋಗಿ ಅಲ್ಲಿನ ಕೋಚ್‌ಗಳಿಗೆ ಪಾಠ ಹೇಳಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶದ ಲಾಸೆ ವಿರೆನ್ 10000 ಮೀಟರಿನ ನಡುವೆ ಬಿದ್ದು, ಎದ್ದು, ವಿಶ್ವದಾಖಲೆಯೊಂದಿಗೆ ಗೆದ್ದ ಕತೆ ಆ ಪಾಠದ ಮುಂದುವರಿಕೆ.

ಒಂದು ಮಾತು ಸ್ಪಷ್ಟವಾಗಲಿ. ಲಿಡಿಯಾರ್ಡ್ ಹೇಳಿದ ನಿಧಾನ ಸೋಮಾರಿತನವಲ್ಲ. ಕಾಲೆಳೆದುಕೊಂಡು ಓಡಿ ಎಂದು ಅವರು ಯಾವತ್ತೂ ಹೇಳಲಿಲ್ಲ. ಜೊತೆಗಾರನ ಹತ್ತಿರ ಮಾತಾಡುತ್ತ ಓಡಲು ಆಗಬೇಕು, ಮುಗಿದಾಗ ಹಿತವಾದ ದಣಿವು ಇರಬೇಕು, ನಾಳೆ ಮತ್ತೆ ಓಡುವ ಆಸೆ ಉಳಿದಿರಬೇಕು. ವಾರಗಳು ಕಳೆದಂತೆ ಅದೇ ಹಿತದಲ್ಲಿ ವೇಗ ತಾನಾಗಿ ಏರುತ್ತದೆ.

ಕೆರೆಯ ಬದಿಯ ಆ ಹುಡುಗನಿಗೆ ನಾನು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಇನ್ನಷ್ಟು ಹುಡುಗರಿಗೆ ಮುಟ್ಟಲಿ. ಮೊದಲು ನೋವು ಪೂರ್ತಿ ಹೋಗುವ ತನಕ ಓಟ ಬಿಡು, ನಡೆ. ಹೋಗದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸು. ಬೂಟು ಬದಲಿಸು, ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿ. ನೋಟಿಫಿಕೇಶನ್‌ಗೆ ಕಾಯದೆ ಇಡೀ ವರ್ಷ ಓಡು. ವಾರಕ್ಕೆ ನೂರು ಮೈಲಿ ನಿನಗೆ ಬೇಡ. ಅದು ವರ್ಷಗಟ್ಟಲೆ ಓಡಿ ಗಟ್ಟಿಯಾದವರ ಲೆಕ್ಕ. ನೀನು ವಾರದಲ್ಲಿ ನಾಲ್ಕೈದು ದಿನ, ಗೆಳೆಯನ ಜೊತೆ ಮಾತಾಡುತ್ತ, ಅರ್ಧ ಗಂಟೆಯಿಂದ ಶುರುಮಾಡಿ ಮೆಲ್ಲಗೆ ಮುಕ್ಕಾಲು ಗಂಟೆಗೆ ಬಾ. ಶನಿವಾರ ಹೇಗೂ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗುತ್ತೀಯಲ್ಲ, ಬೈಕ್ ಬಿಟ್ಟು ಆರಾಮಾಗಿ ಓಡಿಕೊಂಡು ಹೋಗು. ಮೊದಲ ಎಂಟು ಹತ್ತು ವಾರ ಸ್ಟಾಪ್‌ವಾಚ್ ಮುಟ್ಟಬೇಡ. ಆಮೇಲೆ ಮೂರು ನಾಲ್ಕು ವಾರ, ವಾರಕ್ಕೆರಡು ಸಲ ಯಾವುದಾದರೂ ಏರು ಹತ್ತು. ಟ್ರ್ಯಾಕಿನ ಬಿರುಸಿನ ಸುತ್ತುಗಳು ಕೊನೆಯ ತಿಂಗಳಿಗೆ ಸಾಕು, ಅದೂ ಒಂದು ದಿನ ಬಿಟ್ಟು ಒಂದು ದಿನ. 1600ನ್ನು ಪೂರ್ತಿ ವೇಗದಲ್ಲಿ ಓಡುವುದು ಪರೀಕ್ಷೆಗೆ ಮೊದಲು ಎರಡು ಸಲ ಆದರೆ ಆಯಿತು.

“ಅಷ್ಟ ನಿಧಾನ ಓಡಿದ್ರ ಮಂದಿ ನಗ್ತಾರ್ರಿ ಸರ” ಅಂದ. ನಗಲಿ, ನಾಳೆಯಿಂದ ನಾನೂ ನಿನ್ನ ಜೊತೆ ನಡೀತೀನಿ, ನೋವು ಹೋದ ಮ್ಯಾಲೆ ಓಡೋಣು ಅಂದೆ. ಈಗ ಅವನ ರೂಮಿನ ಇನ್ನಿಬ್ಬರೂ ಬರುತ್ತಿದ್ದಾರೆ. ಧಾರವಾಡದಲ್ಲಿದ್ದು 1600ಕ್ಕೆ ತಯಾರಿ ಮಾಡುತ್ತಿರುವವರು ಯಾರಾದರೂ ಇದನ್ನು ಓದಿದ್ದರೆ, ಬೆಳಿಗ್ಗೆ ಐದೂವರೆಗೆ ಕೆಲಗೇರಿ ಕೆರೆಯ ಹತ್ತಿರ ಬನ್ನಿ.